ಮೊದಲು ಯಾವ ಹಾಸಿಗೆಯ ಬಳಿಗೆ?

ಬೆಳಗಿನ ಏಳು ಗಂಟೆ. ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿಯ ಪಾಳಿ ಮುಗಿದು ಹಗಲಿನ ಪಾಳಿ ಮೊದಲಾಗುವ ಹೊತ್ತು. ಆಗತಾನೇ ಕೆಲಸಕ್ಕೆ ಬಂದ ದಾದಿಯೊಬ್ಬಳ ವಶಕ್ಕೆ ನಾಲ್ವರು ರೋಗಿಗಳನ್ನು ಒಪ್ಪಿಸಲಾಗಿದೆ ಎಂದು ಭಾವಿಸೋಣ.

ಮೊದಲನೆಯ ಹಾಸಿಗೆಯಲ್ಲಿ ನ್ಯುಮೋನಿಯದಿಂದ ನರಳುತ್ತಿರುವ ವೃದ್ಧರು. ಜ್ವರ 101.5 ಡಿಗ್ರಿ, ಕೆಮ್ಮು ಬಹಳ, ರಕ್ತದಲ್ಲಿ ಆಮ್ಲಜನಕದ ಮಟ್ಟ ನೂರಕ್ಕೆ 94. ಎರಡನೆಯ ಹಾಸಿಗೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಗಸು. ರಕ್ತದ ಸಕ್ಕರೆ 210 ಮಿಲಿಗ್ರಾಂ. ಮೂರನೆಯ ಹಾಸಿಗೆಯಲ್ಲಿರುವವರಿಗೆ ಹಿಂದಿನ ದಿನ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದೆ. ನಿನ್ನೆ ಸಂಜೆ 124/78 ಇದ್ದ ರಕ್ತದೊತ್ತಡ ಈಗ 112/88. ನಿಮಿಷಕ್ಕೆ 80 ಇದ್ದ ನಾಡಿ ಈಗ 118. ಕಳೆದ ಒಂದು ಗಂಟೆಯಲ್ಲಿ ಮೂತ್ರ 20 ಮಿಲಿಲೀಟರ್ ಮಾತ್ರ ಇಳಿದಿದೆ. 'ಏನೋ ಚಡಪಡಿಕೆ, ಏನೆಂದು ಹೇಳಲಾರೆ' ಎನ್ನುತ್ತಾರೆ. ನಾಲ್ಕನೆಯವನು ಮೊಣಕಾಲಿನ ಕೆಳಗೆ ಮೂಳೆ ಮುರಿದು ರಾತ್ರಿ ಪ್ಲಾಸ್ಟರ್ ಹಾಕಿಸಿಕೊಂಡ ಯುವಕ. ನೋವಿಗೆ ಒಂದು ಗಂಟೆಯ ಹಿಂದೆ ಮಾರ್ಫೀನ್ ಕೊಟ್ಟಿದ್ದರೂ ನೋವು ತಾಳಲಾರೆನೆಂದು ಕೂಗುತ್ತಿದ್ದಾನೆ. ಪಾದದಲ್ಲಿ ನಾಡಿ ಮಾತ್ರ ಚೆನ್ನಾಗಿ ಸಿಗುತ್ತಿದೆ.

ದಾದಿಯು ಮೊದಲು ಯಾರ ಬಳಿಗೆ ಹೋಗಬೇಕು? ಮುಂದೆ ಓದುವ ಮುನ್ನ ಓದುಗರು ತಮ್ಮ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಒಳಿತು.

ಇಂತಹ ಪ್ರಶ್ನೆಯನ್ನು ನಾವು ವಿನೋದಕ್ಕಾಗಿ ಹುಟ್ಟಿಸಿಕೊಂಡಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೋಂದಾಯಿತ ದಾದಿಯಾಗಿ ಕೆಲಸ ಮಾಡಲು ಅನುಮತಿ ಬೇಕೆನ್ನುವವರೆಲ್ಲರೂ 'ಎನ್‌ಕ್ಲೆಕ್ಸ್' ಎಂಬ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅಲ್ಲಿ ಕೇಳುವ ಪ್ರಶ್ನೆಗಳಲ್ಲಿ ಈ ಜಾತಿಯವೇ ಪ್ರಮುಖವಾದುವು. 2015ರಿಂದ ಕೆನಡದ ಹಲವು ಪ್ರಾಂತಗಳೂ ಇದೇ ಪರೀಕ್ಷೆಯನ್ನು ಅಂಗೀಕರಿಸಿವೆ. ನಮ್ಮಲ್ಲಿಯಾದರೋ ವಿದ್ಯಾಸಂಸ್ಥೆಯ ಅಂತಿಮ ಪರೀಕ್ಷೆಯಲ್ಲಿ ತೇರ್ಗಡೆಯಾದವರು ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿಕೊಳ್ಳುತ್ತಾರೆ. ಆದರೂ ಆ ವಿದೇಶೀ ಪರೀಕ್ಷೆ ನಮಗೆ ದೂರದ್ದಲ್ಲ. ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತ ಅನೇಕರು ಬೆಂಗಳೂರಿನ ಕೇಂದ್ರದಲ್ಲಿಯೇ ಕುಳಿತು ಅದನ್ನು ಬರೆಯುತ್ತಾರೆ.

ರೋಗದ ಹೆಸರನ್ನು ಹೇಳುವುದು ಒಂದು ವಿದ್ಯೆ; ಅದು ವೈದ್ಯನದು. ಹತ್ತು ಲಕ್ಷಣಗಳಲ್ಲಿ ಯಾವುದು ಮೊದಲು ಬರುತ್ತದೆ, ಯಾವುದು ಕಾಲ ಮೀರಿದ ಮೇಲೆ ಬರುತ್ತದೆ ಎಂದು ತಿಳಿಯುವುದು ಮತ್ತೊಂದು ವಿದ್ಯೆ. ರೋಗಿಯ ಬಳಿ ಹಗಲಿರುಳು ಇರುವವಳು ದಾದಿಯಾದುದರಿಂದ ಈ ಎರಡನೆಯ ವಿದ್ಯೆ ಅವಳಲ್ಲಿ ಇರಲೇಬೇಕು. (ಈಗ ಗಂಡಸರೂ ಈ ವೃತ್ತಿಯಲ್ಲಿ ಬಹುಮಂದಿ ಇದ್ದಾರೆ, ಬರವಣಿಗೆಯ ಅನುಕೂಲಕ್ಕಾಗಿ ಅವಳು ಎನ್ನುತ್ತಿದ್ದೇವೆ.)

ನಾಲ್ಕು ಹಾಸಿಗೆಗಳಲ್ಲಿ ಮೊದಲು ಹೋಗಬೇಕಾದದ್ದು ಮೂರನೆಯದಕ್ಕೆ. ಚೀಟಿಯಲ್ಲಿ ಬೇರೆ ಉತ್ತರ ಬರೆದವರು ನಿರಾಶರಾಗಬೇಕಿಲ್ಲ. 112/88 ಎಂಬ ರಕ್ತದೊತ್ತಡವನ್ನು ನೋಡಿ 'ಪರವಾಗಿಲ್ಲ' ಎಂದುಕೊಳ್ಳುವುದು ಸಹಜವೇ. ಆದರೆ ಆ ಅಂಕೆಯ ಹಿಂದೆ ಶರೀರವು ಏನು ಮಾಡುತ್ತಿದೆ ಎಂಬುದನ್ನು ನೋಡಬೇಕು.

ವಯಸ್ಕನ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಹೊಟ್ಟೆಯೊಳಗೆ ಹೊಲಿಗೆಯೊಂದು ಸಡಿಲವಾಗಿ ರಕ್ತ ಸೋರತೊಡಗಿತೆನ್ನಿ. ಮಹಾಧಮನಿಯ ಗೋಡೆಯಲ್ಲಿಯೂ ಕುತ್ತಿಗೆಯ ಧಮನಿಗಳಲ್ಲಿಯೂ ಒತ್ತಡವನ್ನು ಅಳೆಯುವ ನರಾಗ್ರಗಳಿವೆ. ಒತ್ತಡ ಕೊಂಚ ತಗ್ಗಿದೊಡನೆ ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಅಪ್ಪಣೆ ಹೊರಡುತ್ತದೆ: ಹೃದಯ ಬೇಗ ಬೇಗ ಬಡಿಯಲಿ, ಚರ್ಮದ, ಕರುಳಿನ, ಮೂತ್ರಪಿಂಡದ ಕಿರುಧಮನಿಗಳು ಬಿಗಿದುಕೊಳ್ಳಲಿ, ಉಳಿದಿರುವ ರಕ್ತವೆಲ್ಲ ಹೃದಯಕ್ಕೂ ಮಿದುಳಿಗೂ ಹೋಗಲಿ. ವರಮಾನ ನಿಂತುಹೋದ ಮರ್ಯಾದಸ್ಥರ ಮನೆಯನ್ನು ನೆನೆದುಕೊಳ್ಳಿ. ಹೊರಗಿನವರಿಗೆ ಜಗಲಿಯ ದೀಪ ಎಂದಿನಂತೆ ಉರಿಯುತ್ತಿರುತ್ತದೆ. ಒಳಗೆ ಹಾಲು ನಿಂತಿರುತ್ತದೆ, ಪತ್ರಿಕೆ ನಿಂತಿರುತ್ತದೆ, ಮಕ್ಕಳ ಬಟ್ಟೆಗೆ ತೇಪೆ ಬಿದ್ದಿರುತ್ತದೆ. ರಕ್ತದೊತ್ತಡದ ಮೇಲಿನ ಅಂಕೆಯೆಂಬುದು ಆ ಜಗಲಿಯ ದೀಪ.

ಆದುದರಿಂದ ರಕ್ತದಲ್ಲಿ ನೂರಕ್ಕೆ 15 ಭಾಗದವರೆಗೆ, ಎಂದರೆ ಮುಕ್ಕಾಲು ಲೀಟರಿನಷ್ಟು ನಷ್ಟವಾದರೂ, ಹೊರಗೆ ಹೆಚ್ಚೇನೂ ಕಾಣದು. 15ರಿಂದ 30 ಭಾಗದವರೆಗೆ ನಾಡಿ ಓಡುತ್ತದೆ. ಮೇಲಿನ ಅಂಕೆ ಬಹುಮಟ್ಟಿಗೆ ನಿಂತಲ್ಲಿಯೇ ನಿಂತಿರುತ್ತದೆ. ಧಮನಿಗಳು ಬಿಗಿದುಕೊಂಡಿರುವುದರಿಂದ ಕೆಳಗಿನ ಅಂಕೆ ಏರುತ್ತದೆ. ಹೀಗೆ ಎರಡು ಅಂಕೆಗಳ ನಡುವಣ ಅಂತರ ಕಿರಿದಾಗುತ್ತದೆ. ನಮ್ಮ ರೋಗಿಯಲ್ಲಿ ನಿನ್ನೆ ಸಂಜೆ ಅಂತರ 46 ಇತ್ತು, ಈಗ 24. ಮೂತ್ರಪಿಂಡಕ್ಕೆ ರಕ್ತ ಸಾಲದೆ ಮೂತ್ರ ಗಂಟೆಗೆ 30 ಮಿಲಿಲೀಟರಿಗಿಂತ ಕೆಳಗಿಳಿದಿದೆ. ಮಿದುಳು ಆಮ್ಲಜನಕದ ಕೊರತೆಯನ್ನು ಎಲ್ಲಕ್ಕಿಂತ ಮೊದಲು ಅರಿಯುವ ಅಂಗವಾದುದರಿಂದ ಕಾರಣವಿಲ್ಲದ ಚಡಪಡಿಕೆ ಹುಟ್ಟಿದೆ. ಮೇಲಿನ ಅಂಕೆ ನಿಜವಾಗಿ ಕುಸಿಯುವುದು ನೂರಕ್ಕೆ 30 ಭಾಗಕ್ಕಿಂತ ಹೆಚ್ಚು ರಕ್ತ ಹೋದ ಮೇಲೆ. ಅದನ್ನೇ ಕಾಯುತ್ತ ಕುಳಿತ ದಾದಿ ಒಂದೂವರೆ ಲೀಟರ್ ರಕ್ತದ ನಷ್ಟವನ್ನು ಕಾಯುತ್ತ ಕುಳಿತಂತೆ.

ಆ ಹಾಸಿಗೆಯ ಬಳಿ ಅವಳು ಮೊದಲು ಮಾಡತಕ್ಕದ್ದು ಗಾಯದ ಪಟ್ಟಿಯನ್ನು ನೋಡುವುದು. ಮೇಲಿನಿಂದ ನೋಡಿದರೆ ಸಾಲದು, ಬೆನ್ನಿನ ಕೆಳಗೆ ಕೈಯಿಟ್ಟು ನೋಡಬೇಕು. ರಕ್ತ ಇಳಿಜಾರಿಗೆ ಹರಿಯುವುದರಿಂದ ಪಟ್ಟಿ ಶುಭ್ರವಾಗಿದ್ದು ಹಾಸಿಗೆ ತೊಯ್ದಿರುವುದುಂಟು. ಪಟ್ಟಿಯೂ ಹಾಸಿಗೆಯೂ ಒಣಗಿದ್ದರೆ ಹೊಟ್ಟೆ ಉಬ್ಬಿ ಬಿಗಿದಿದೆಯೇ ಎಂದು ನೋಡಬೇಕು. ಆಮ್ಲಜನಕ ಕೊಡಬೇಕು, ರಕ್ತವನ್ನೂ ದ್ರವವನ್ನೂ ಬೇಗ ಏರಿಸಲು ದಪ್ಪ ಸೂಜಿಯ ಇನ್ನೊಂದು ಡ್ರಿಪ್ ಸಿದ್ಧವಾಗಬೇಕು, ಶಸ್ತ್ರವೈದ್ಯರಿಗೆ ಕರೆ ಹೋಗಬೇಕು.

ಮೊದಲನೆಯ ಹಾಸಿಗೆಯ ವೃದ್ಧರನ್ನು ಆರಿಸಿದವರು ಬಹುಶಃ 'ಮೊದಲು ಶ್ವಾಸಮಾರ್ಗ, ಬಳಿಕ ಉಸಿರಾಟ, ಅನಂತರ ರಕ್ತಚಲನೆ' ಎಂಬ ಸೂತ್ರವನ್ನು ಎಲ್ಲಿಯೋ ಕೇಳಿದವರಿರಬೇಕು. ಸೂತ್ರ ಒಳ್ಳೆಯದೇ, ಪರೀಕ್ಷೆಗೆ ಸಿದ್ಧಪಡಿಸುವ ಪುಸ್ತಕಗಳೆಲ್ಲವೂ ಅದನ್ನು ಹೇಳುತ್ತವೆ. ಆದರೆ ನ್ಯುಮೋನಿಯ ಇರುವವರಿಗೆ ಜ್ವರವೂ ಕೆಮ್ಮೂ ಇರುವುದು ನಿರೀಕ್ಷಿತ. 94 ಎಂಬ ಮಟ್ಟ ಆತಂಕದ್ದಲ್ಲ. ಹಾಗೆಯೇ ಸಕ್ಕರೆ ಕಾಯಿಲೆಯಲ್ಲಿ 210 ಎಂಬುದು ಇಳಿಸತಕ್ಕ ಅಂಕೆಯಾದರೂ ಅರ್ಧ ಗಂಟೆ ಕಾಯಬಲ್ಲದು. ಶಸ್ತ್ರಚಿಕಿತ್ಸೆಯಾದ ಮಾರನೆಯ ದಿನ ನಾಡಿ 118 ಆಗುವುದು ಮಾತ್ರ ನಿರೀಕ್ಷಿತವಲ್ಲ. ಸೂತ್ರವನ್ನು ಬಾಯಿಪಾಠ ಮಾಡಿದವರು ಎಡವುವುದು ಇಲ್ಲಿಯೇ.

ಈಗ ಇದಕ್ಕೆ ತದ್ವಿರುದ್ಧವಾದ ಚಿತ್ರವೊಂದನ್ನು ನೋಡೋಣ. ತಲೆಗೆ ಪೆಟ್ಟು ಬಿದ್ದ ರೋಗಿಯಲ್ಲಿ ರಕ್ತದೊತ್ತಡ ಏರುತ್ತದೆ; ಎರಡು ಅಂಕೆಗಳ ಅಂತರ ಅಗಲವಾಗುತ್ತದೆ; ನಾಡಿ ನಿಧಾನವಾಗುತ್ತದೆ; ಉಸಿರಾಟ ತಾಳ ತಪ್ಪುತ್ತದೆ. ರಕ್ತಸ್ರಾವದಲ್ಲಿ ಕಂಡದ್ದೆಲ್ಲವೂ ಇಲ್ಲಿ ತಲೆಕೆಳಗು. ತಲೆಬುರುಡೆ ಮುಚ್ಚಿದ ಪೆಟ್ಟಿಗೆ. ಅದರಲ್ಲಿ ಮಿದುಳು, ರಕ್ತ, ಮಿದುಳನ್ನು ಸುತ್ತುವರಿದ ದ್ರವ ಈ ಮೂರಕ್ಕೇ ಸ್ಥಳ. ಒಳಗೆ ರಕ್ತ ಹೆಪ್ಪುಗಟ್ಟಿ ಸ್ಥಳವನ್ನಾಕ್ರಮಿಸಿದರೆ ಒತ್ತಡ ಹೆಚ್ಚಿ, ಕೆಳಗಿನಿಂದ ಬರುವ ರಕ್ತ ಒಳಹೊಗಲಾರದು. ಅದನ್ನು ಬಲವಂತವಾಗಿ ನುಗ್ಗಿಸುವುದಕ್ಕಾಗಿ ಶರೀರವು ರಕ್ತದೊತ್ತಡವನ್ನು ಏರಿಸುತ್ತದೆ. ಕುತ್ತಿಗೆಯ ಧಮನಿಯಲ್ಲಿರುವ ಅದೇ ನರಾಗ್ರಗಳು ಒತ್ತಡ ಮಿತಿಮೀರಿತೆಂದು ತಿಳಿದು ಹೃದಯವನ್ನು ನಿಧಾನಗೊಳಿಸುತ್ತವೆ. ಇದನ್ನು 20ನೆಯ ಶತಮಾನದ ಆರಂಭದಲ್ಲಿ ವಿವರಿಸಿದ ಅಮೆರಿಕದ ಶಸ್ತ್ರವೈದ್ಯ ಹಾರ್ವೀ ಕುಷಿಂಗನ ಹೆಸರಿನಿಂದಲೇ ಈ ಮೂರು ಲಕ್ಷಣಗಳನ್ನು ಕರೆಯುತ್ತಾರೆ. ಪರೀಕ್ಷೆ ಬರೆಯುವವರೆಲ್ಲರಿಗೂ ಇವು ಕಂಠಸ್ಥ. ಆದರೆ ಇವೂ ತಡವಾಗಿ ಬರುವ ಲಕ್ಷಣಗಳೇ. ಮೊದಲು ಬರುವುದು ಪ್ರಜ್ಞೆಯಲ್ಲಿ ಆಗುವ ಸಣ್ಣ ವ್ಯತ್ಯಾಸ: ಹತ್ತು ಗಂಟೆಗೆ ಮಗಳ ಹೆಸರನ್ನು ಸರಿಯಾಗಿ ಹೇಳಿದವರು ಹನ್ನೊಂದಕ್ಕೆ ತಡವರಿಸುತ್ತಾರೆ, ಎಬ್ಬಿಸಿದರೆ ಎದ್ದು ಮತ್ತೆ ನಿದ್ದೆಗೆ ಜಾರುತ್ತಾರೆ. 'ಪಾಪ, ಬಳಲಿದ್ದಾರೆ, ಮಲಗಲಿ' ಎಂದು ಬಂಧುಗಳು ಕನಿಕರಿಸುವುದು ಆಗಲೇ. ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು 1974ರಲ್ಲಿ ಪ್ರಜ್ಞೆಯನ್ನು ಅಳೆಯುವ ಮಾಪಕವನ್ನು ಪ್ರಕಟಿಸಿದರು; ಇಂದು ಅದರ ಅಂಕೆಗಳು 3ರಿಂದ 15ರವರೆಗೆ. ಕಣ್ಣು ತೆರೆಯುವುದು, ಮಾತು, ಕೈಕಾಲುಗಳ ಚಲನೆ ಈ ಮೂರನ್ನು ನೋಡಿ ಅಂಕ ಹಾಕುವುದರಿಂದ ಹತ್ತು ಗಂಟೆಯ ದಾದಿಯೂ ಹನ್ನೊಂದರ ದಾದಿಯೂ ಒಂದೇ ಭಾಷೆಯಲ್ಲಿ ಮಾತನಾಡಲು ಸಾಧ್ಯವಾಯಿತು.

ದಾದಿಯು ರೋಗಿಯ ಮಣಿಕಟ್ಟನ್ನು ಹಿಡಿದು, ಗಡಿಯಾರವನ್ನು ನೋಡುತ್ತ, ನಾಡಿಯನ್ನು ಎಣಿಸಲು ಬೇಕಾದುದಕ್ಕಿಂತ ಹೆಚ್ಚು ಹೊತ್ತು ಮೌನವಾಗಿ ನಿಂತಿರುವುದನ್ನು ಓದುಗರು ಗಮನಿಸಿರಬಹುದು. ನಾಡಿಯ ಎಣಿಕೆ ಮುಗಿದ ಮೇಲೆ ಅವಳು ಎಣಿಸುವುದು ಎದೆಯ ಏರಿಳಿತವನ್ನು. ತನ್ನ ಉಸಿರನ್ನು ಎಣಿಸುತ್ತಿದ್ದಾರೆಂದು ತಿಳಿದೊಡನೆ ಯಾರೇ ಆಗಲಿ ಉಸಿರಾಡುವ ರೀತಿಯನ್ನು ಬದಲಾಯಿಸಿಬಿಡುತ್ತಾರೆ. ಅದಕ್ಕಾಗಿ ಈ ಸಣ್ಣ ಉಪಾಯ. ವಯಸ್ಕರ ಉಸಿರು ನಿಮಿಷಕ್ಕೆ 12ರಿಂದ 20. ಮಾರ್ಫೀನಿನಂತಹ ಔಷಧವನ್ನು ಕೊಡುವ ಮುನ್ನ ಇದನ್ನು ಎಣಿಸಲೇಬೇಕು, ಏಕೆಂದರೆ ಮಾರ್ಫೀನು ನೋವಿನೊಡನೆ ಮಿದುಳಿನ ಉಸಿರಾಟದ ಕೇಂದ್ರವನ್ನೂ ಮಂಕುಗೊಳಿಸುತ್ತದೆ. ಅದಕ್ಕೆ ಪ್ರತಿಯಾದ ನಲಾಕ್ಸೋನ್ ಎಂಬ ಔಷಧ ಒಂದೆರಡು ನಿಮಿಷಗಳಲ್ಲಿ ರೋಗಿಯನ್ನು ಎಬ್ಬಿಸುತ್ತದೆ. ಆದರೆ ನಲಾಕ್ಸೋನಿನ ಪ್ರಭಾವ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮಾತ್ರ. ಮಾರ್ಫೀನಿನದು ಹಲವು ಗಂಟೆ. ಎದ್ದು ಕುಳಿತು ಮಾತನಾಡಿದ ರೋಗಿ ಮತ್ತೆ ಉಸಿರುಗುಂದಬಹುದು. ಎದ್ದರೆಂದು ಸಂತೋಷಪಟ್ಟು ಹೊರಟುಹೋಗುವಂತಿಲ್ಲ.

ಈ ಪರೀಕ್ಷೆಗೆ ಓದುವವರು ಅತಿ ಹೆಚ್ಚು ಹೆದರುವ ಹೆಸರು ಮಾತ್ರ ಯಾವುದೋ ಭಯಂಕರ ರೋಗದ್ದಲ್ಲ. ಬಾಳೆಹಣ್ಣಿನಲ್ಲಿಯೂ ಎಳನೀರಿನಲ್ಲಿಯೂ ಹೇರಳವಾಗಿರುವ ಪೊಟ್ಯಾಸಿಯಮ್ ಎಂಬ ಧಾತುವಿನದು. ಅದರ ಕಥೆ ಸ್ವಲ್ಪ ವಿಸ್ತಾರವಾಗಿಯೇ ಹೇಳತಕ್ಕದ್ದು.

ನಮ್ಮ ದೇಹದ ಪೊಟ್ಯಾಸಿಯಮ್ಮಿನಲ್ಲಿ ನೂರಕ್ಕೆ 98 ಭಾಗ ಜೀವಕೋಶಗಳ ಒಳಗೇ ಅಡಗಿದೆ. ಕೋಶದ ಒಳಗೆ ಲೀಟರಿಗೆ ಸುಮಾರು 140 ಮಿಲಿಮೋಲ್. ಹೊರಗಿನ ರಕ್ತರಸದಲ್ಲಿ 3.5ರಿಂದ 5 ಮಾತ್ರ. ಈ ಅಗಾಧವಾದ ವ್ಯತ್ಯಾಸವನ್ನು ಕಾಯ್ದುಕೊಂಡು ಬರುವುದು ಕೋಶದ ಪೊರೆಯಲ್ಲಿರುವ ಒಂದು ಅಣುಗಾತ್ರದ ಪಂಪು. ಅದು ಮೂರು ಸೋಡಿಯಂ ಅಯಾನುಗಳನ್ನು ಹೊರದಬ್ಬಿ ಎರಡು ಪೊಟ್ಯಾಸಿಯಮ್ ಅಯಾನುಗಳನ್ನು ಒಳಗೆಳೆದುಕೊಳ್ಳುತ್ತದೆ. 1957ರಲ್ಲಿ ಇದನ್ನು ಕಂಡುಹಿಡಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೆ ನೊಬೆಲ್ ಪಾರಿತೋಷಕ ಬಂದದ್ದು ನಲವತ್ತು ವರ್ಷಗಳ ಬಳಿಕ, 1997ರಲ್ಲಿ. ಒಳಗಿನ ಪೊಟ್ಯಾಸಿಯಮ್ ಸದಾ ಒಂದಿಷ್ಟು ಹೊರಗೆ ಸೋರುತ್ತಿರುತ್ತದೆ. ಧನವಿದ್ಯುತ್ತಿನ ಆ ಕಣಗಳು ಹೊರಬಿದ್ದುದರಿಂದ ಕೋಶದ ಒಳಭಾಗ ಋಣವಿದ್ಯುತ್ತನ್ನು ಪಡೆಯುತ್ತದೆ. ಹೃದಯದ ಸ್ನಾಯುಕೋಶದಲ್ಲಿ ಇದು ಸುಮಾರು 90 ಮಿಲಿವೋಲ್ಟ್. ಪ್ರತಿಯೊಂದು ಬಡಿತವೂ ಈ ಸಂಚಿತ ವಿದ್ಯುತ್ತಿನ ಕ್ಷಣಿಕವಾದ ಬಿಡುಗಡೆ. ಬಡಿತದ ಬಳಿಕ ಅದು ಮತ್ತೆ ತುಂಬಿಕೊಳ್ಳಬೇಕು.

ಹೊರಗಿನ ಪೊಟ್ಯಾಸಿಯಮ್ ಹಠಾತ್ತನೆ ಏರಿದರೆ ಒಳಗಿನದು ಸೋರುವುದು ಕಡಮೆಯಾಗುತ್ತದೆ. ಕೋಶ ಮರಳಿ ವಿದ್ಯುತ್ತನ್ನು ತುಂಬಿಕೊಳ್ಳಲಾರದು. ಮುಂದಿನ ಬಡಿತಕ್ಕೆ ಬೇಕಾದ ಸೋಡಿಯಂ ದ್ವಾರಗಳು ಮುಚ್ಚಿದಂತೆಯೇ ಉಳಿಯುತ್ತವೆ. ಇ.ಸಿ.ಜಿ. ಪಟ್ಟಿಯಲ್ಲಿ ಮೊದಲು 'ಟಿ' ಅಲೆ ಗುಡಾರದಂತೆ ಚೂಪಾಗಿ ಏಳುತ್ತದೆ. ಬಳಿಕ ಅಲೆಗಳು ಅಗಲವಾಗುತ್ತವೆ. ಕೊನೆಗೆ ಹೃದಯ ಸಡಿಲವಾದ ಸ್ಥಿತಿಯಲ್ಲಿಯೇ ನಿಂತುಬಿಡುತ್ತದೆ.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ನಮ್ಮ ಒಟ್ಟು ರಕ್ತರಸ ಸುಮಾರು 3 ಲೀಟರ್. ಲೀಟರಿಗೆ 4ರಂತೆ ಅದರಲ್ಲಿರುವ ಪೊಟ್ಯಾಸಿಯಮ್ 12 ಮಿಲಿಮೋಲ್. ನಮ್ಮ ಆಸ್ಪತ್ರೆಗಳಲ್ಲಿ ದೊರೆಯುವ 10 ಮಿಲಿಲೀಟರಿನ, ನೂರಕ್ಕೆ 15ರ ಪ್ರಬಲತೆಯ ಪೊಟ್ಯಾಸಿಯಮ್ ಕ್ಲೋರೈಡಿನ ಒಂದು ಗಾಜಿನ ಕುಪ್ಪಿಯಲ್ಲಿರುವುದು 20 ಮಿಲಿಮೋಲ್. ಎಂದರೆ ಬೆರಳುದ್ದದ ಆ ಕುಪ್ಪಿಯಲ್ಲಿ ನಮ್ಮ ರಕ್ತರಸದಲ್ಲಿ ಇರುವುದೆಲ್ಲಕ್ಕಿಂತ ಹೆಚ್ಚು ಪೊಟ್ಯಾಸಿಯಮ್ ಇದೆ! ಅದನ್ನು ಸಿರಿಂಜಿನಿಂದ ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ, ದೇಹದಲ್ಲಿ ಬೆರೆಯುವ ಮುನ್ನವೇ ಅದು ಹೃದಯವನ್ನು ಸೇರುತ್ತದೆ. ಆದುದರಿಂದಲೇ ಈ ಔಷಧದ ನಿಯಮಕ್ಕೆ ಅಪವಾದವಿಲ್ಲ: ಡ್ರಿಪ್ಪಿನ ದ್ರವದಲ್ಲಿ ಕರಗಿಸಿ, ಚೆನ್ನಾಗಿ ಕಲಕಿ, ಸಾಮಾನ್ಯ ವಾರ್ಡಿನಲ್ಲಿ ಗಂಟೆಗೆ 10 ಮಿಲಿಮೋಲಿಗೆ ಮೀರದಂತೆ ಹನಿಹನಿಯಾಗಿ ಕೊಡಬೇಕು, ನೇರವಾಗಿ ಎಂದೆಂದಿಗೂ ಕೊಡಕೂಡದು. ಹೆಚ್ಚಾದ ಪೊಟ್ಯಾಸಿಯಮ್ಮನ್ನು ಹೊರಹಾಕುವುದು ಮೂತ್ರಪಿಂಡವಾದುದರಿಂದ, ರೋಗಿಗೆ ಮೂತ್ರ ಸರಿಯಾಗಿ ಆಗುತ್ತಿದೆಯೇ ಎಂದು ಮೊದಲೇ ನೋಡಬೇಕು. ಮೂತ್ರಪಿಂಡ ಕೆಟ್ಟವರಿಗೆ ಎಳನೀರು ಬೇಡವೆನ್ನುವುದರ ಕಾರಣವೂ ಇದೇ.

ಇಷ್ಟು ತಿಳಿದ ಮೇಲೂ ತಪ್ಪು ಆಗುವುದುಂಟೆ? ಉಂಟು. ಅಮೆರಿಕದ ಆಸ್ಪತ್ರೆಗಳನ್ನು ಪರಿಶೀಲಿಸಿ ಮನ್ನಣೆ ನೀಡುವ ಜಾಯಿಂಟ್ ಕಮಿಷನ್ ಸಂಸ್ಥೆ 1998ರ ಫೆಬ್ರವರಿಯಲ್ಲಿ ತನ್ನ ಪ್ರಪ್ರಥಮ ಎಚ್ಚರಿಕೆಯ ಪತ್ರವನ್ನು ಹೊರಡಿಸಿತು. ಅದು ಪೊಟ್ಯಾಸಿಯಮ್ ಕ್ಲೋರೈಡಿನ ವಿಷಯವಾಗಿಯೇ ಇತ್ತು. ಅದರಲ್ಲಿ ವರದಿಯಾದ 10 ಸಾವುಗಳಲ್ಲಿ 8 ಸಾವುಗಳಿಗೆ ಕಾರಣ ಪ್ರಬಲ ದ್ರಾವಣವನ್ನು ನೇರವಾಗಿ ಚುಚ್ಚಿದ್ದು. ಆ ಎಂಟರಲ್ಲಿ ಆರರಲ್ಲಿ ಅದನ್ನು ಬೇರೊಂದು ಔಷಧವೆಂದು ಭ್ರಮಿಸಲಾಗಿತ್ತು. ಉಪ್ಪುನೀರಿನ ಕುಪ್ಪಿಯೂ ಅದೇ ಆಕಾರದ್ದು, ಅದೇ ಬಣ್ಣದ್ದು. ಅಜ್ಞಾನಕ್ಕಿಂತ ಹೆಚ್ಚಾಗಿ ಎರಡು ಕುಪ್ಪಿಗಳ ಹೋಲಿಕೆಯೇ ಅಲ್ಲಿ ಪ್ರಾಣವನ್ನು ತೆಗೆದಿತ್ತು. ಪ್ರಬಲ ದ್ರಾವಣದ ಕುಪ್ಪಿಗಳನ್ನು ವಾರ್ಡಿನ ಕಪಾಟಿನಲ್ಲಿ ಇಡಲೇಕೂಡದು ಎಂಬುದು ಆ ಪತ್ರದ ಸಲಹೆ. ನಮ್ಮ ಅಭಿಪ್ರಾಯದಲ್ಲಿ ನೂರು ಉಪನ್ಯಾಸಗಳಿಗಿಂತ ಈ ಸಲಹೆಯೇ ಮೇಲು. ರಾತ್ರಿ ಮೂರು ಗಂಟೆಗೆ ನಿದ್ದೆಗಣ್ಣಿನಲ್ಲಿರುವ ಕೈಗೆ ಸಿಗದಿರುವುದೇ ಆ ಕುಪ್ಪಿಗೆ ಯೋಗ್ಯವಾದ ಸ್ಥಾನ.

ರಕ್ತದಲ್ಲಿ ಪೊಟ್ಯಾಸಿಯಮ್ ಮಿತಿಮೀರಿದಾಗ ಮಾಡುವ ಚಿಕಿತ್ಸೆಯಲ್ಲಿಯೂ 'ಮೊದಲು ಯಾವುದು' ಎಂಬುದೇ ಮುಖ್ಯ. ಮೊದಲು ಕ್ಯಾಲ್ಸಿಯಂ. ಅದು ಪೊಟ್ಯಾಸಿಯಮ್ಮನ್ನು ಎಳ್ಳಷ್ಟೂ ಇಳಿಸದು. ಹೃದಯಕ್ಕೆ ಕೆಲವು ನಿಮಿಷಗಳ ರಕ್ಷಣೆಯನ್ನು ಮಾತ್ರ ಕೊಡುತ್ತದೆ. ಆ ನಿಮಿಷಗಳಲ್ಲಿ ಇನ್ಸುಲಿನ್ನನ್ನೂ ಗ್ಲೂಕೋಸನ್ನೂ ಕೊಟ್ಟು ಪೊಟ್ಯಾಸಿಯಮ್ಮನ್ನು ಕೋಶಗಳ ಒಳಕ್ಕೆ ತಳ್ಳುತ್ತಾರೆ. ದೇಹದಿಂದ ಹೊರಹಾಕುವ ಕೆಲಸ ಕಡೆಯದು. ಬೇಕಾದರೆ ಡಯಾಲಿಸಿಸ್ ಯಂತ್ರದ ಮೂಲಕ.

ಇನ್ಸುಲಿನ್ ಎಂದೆವು, ಅದರ ಬಗೆಗೆ ನಮ್ಮ ದೇಶದವರು ವಿಶೇಷವಾಗಿ ತಿಳಿಯಬೇಕಾದ ಒಂದು ಮಾತಿದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಬಳಸುವ ಇನ್ಸುಲಿನ್ ಮಿಲಿಲೀಟರಿಗೆ 100 ಯೂನಿಟ್ಟಿನದು. ನಮ್ಮಲ್ಲಿ ಸೀಸೆಯಲ್ಲಿ ಬರುವುದು ಬಹುಮಟ್ಟಿಗೆ 40 ಯೂನಿಟ್ಟಿನದು, 100ರದೂ ದೊರೆಯುತ್ತದೆ. 40ರದಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ್ದು. ರೋಗಿಗೆ 20 ಯೂನಿಟ್ ಬೇಕಾಗಿದೆಯೆನ್ನಿ. 100ರ ಸೀಸೆಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದುಕೊಂಡರೆ ಬರುವ ಔಷಧ ಅರ್ಧ ಮಿಲಿಲೀಟರ್, ಎಂದರೆ 50 ಯೂನಿಟ್. ಎರಡೂವರೆ ಪಟ್ಟು! ಮೊದಲು ಬೆವರು, ನಡುಕ, ಎದೆಬಡಿತ. ಬಳಿಕ ಗ್ಲೂಕೋಸಿಲ್ಲದೆ ಕಂಗೆಟ್ಟ ಮಿದುಳಿನ ಲಕ್ಷಣಗಳಾದ ತೊದಲು ಮಾತು, ಗೊಂದಲ, ಮೂರ್ಛೆ. ಎಚ್ಚರವಿರುವವರಿಗೆ 15 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ 15 ನಿಮಿಷಗಳ ಬಳಿಕ ಮತ್ತೆ ರಕ್ತವನ್ನು ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು. ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಸಕ್ಕರೆ ಕಾಯಿಲೆಯವರಿರುವ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳೂ ಇದನ್ನು ತಿಳಿದಿರಬೇಕು.

ಇಂತಹ ವಿವೇಚನೆಯನ್ನು ಪರೀಕ್ಷೆ ಅಳೆಯುವುದಾದರೂ ಹೇಗೆ? ಒಂದು ಕಾಲದಲ್ಲಿ ಯಾರು ಬೇಕಾದರೂ ತಮ್ಮನ್ನು ದಾದಿಯೆಂದು ಕರೆದುಕೊಳ್ಳಬಹುದಾಗಿತ್ತು. 1901ರಲ್ಲಿ ನ್ಯೂಜಿಲೆಂಡ್ ದಾದಿಯರ ನೋಂದಣಿಗಾಗಿಯೇ ಕಾನೂನು ಮಾಡಿತು; ಮರುವರ್ಷ ಎಲೆನ್ ಡೌಹರ್ಟಿ ಎಂಬಾಕೆಯ ಹೆಸರು ಆ ಪಟ್ಟಿಯಲ್ಲಿ ಮೊದಲನೆಯದಾಗಿ ಸೇರಿತು. ಅಮೆರಿಕದಲ್ಲಿ 1903ರಲ್ಲಿ ಉತ್ತರ ಕೆರೊಲಿನ ಸಂಸ್ಥಾನ ಈ ದಾರಿಯನ್ನು ಹಿಡಿಯಿತು. ಪ್ರತಿ ಸಂಸ್ಥಾನದ್ದೂ ಬೇರೆ ಬೇರೆ ಪರೀಕ್ಷೆಯಾಗಿದ್ದುದು 1944ರಿಂದ ಮುಂದಕ್ಕೆ ಒಂದಾಗುತ್ತ ಬಂದಿತು. ಎನ್‌ಕ್ಲೆಕ್ಸ್ ಎಂಬ ಹೆಸರು ಬಳಕೆಗೆ ಬಂದದ್ದು 1982ರಲ್ಲಿ. ಕಾಗದದಿಂದ ಕಂಪ್ಯೂಟರಿಗೆ ಬಂದದ್ದು 1994ರಲ್ಲಿ.

ಆ ಕಂಪ್ಯೂಟರ್ ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳುವುದಿಲ್ಲ. ಉತ್ತರ ಸರಿಯಾದರೆ ಮುಂದಿನದು ಸ್ವಲ್ಪ ಕಷ್ಟದ ಪ್ರಶ್ನೆ. ತಪ್ಪಾದರೆ ಸ್ವಲ್ಪ ಸುಲಭದ್ದು. ಡೆನ್ಮಾರ್ಕಿನ ಗಣಿತಜ್ಞ ಗೆಯಾರ್ಗ್ ರಾಶ್ 1960ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದ ರೀತಿ ಇದಕ್ಕೆ ಆಧಾರ. (ಪೊಟ್ಯಾಸಿಯಮ್ಮಿನ ಪಂಪನ್ನು ಕಂಡವರೂ ಆ ಪುಟ್ಟ ದೇಶದವರೇ ಎಂಬುದು ಓದುಗರಿಗೆ ನೆನಪಿರಬಹುದು.) ಪ್ರಶ್ನೆಯ ಕಷ್ಟವೂ ಅಭ್ಯರ್ಥಿಯ ಸಾಮರ್ಥ್ಯವೂ ಸರಿಸಮವಾದರೆ ಅವನು ಸರಿಯುತ್ತರ ಕೊಡುವ ಸಂಭವ ಸರಿಯಾಗಿ ಅರ್ಧ. ಯಂತ್ರವು ಹುಡುಕುವುದು ಆ ಸಮಬಿಂದುವನ್ನೇ. ಆದುದರಿಂದ ಗೆದ್ದವರೂ ಸೋತವರೂ ಹೆಚ್ಚುಕಡಮೆ ಅರ್ಧದಷ್ಟು ಪ್ರಶ್ನೆಗಳಿಗೆ ತಪ್ಪು ಉತ್ತರ ಕೊಟ್ಟೇ ಹೊರಬರುತ್ತಾರೆ. ವ್ಯತ್ಯಾಸವಿರುವುದು ಯಾವ ಎತ್ತರದ ಪ್ರಶ್ನೆಗಳಲ್ಲಿ ಅರ್ಧ ಎಂಬುದರಲ್ಲಿ. ಅಭ್ಯರ್ಥಿ ತೇರ್ಗಡೆಯ ಗೆರೆಯ ಮೇಲಿರುವನೋ ಕೆಳಗಿರುವನೋ ಎಂಬುದು ನೂರಕ್ಕೆ 95ರಷ್ಟು ನಿಶ್ಚಯವಾದೊಡನೆ ಯಂತ್ರ ನಿಂತುಬಿಡುತ್ತದೆ. ಅದು 85 ಪ್ರಶ್ನೆಗಳಿಗೇ ಆಗಬಹುದು, 150ರವರೆಗೂ ಹೋಗಬಹುದು. 85ನೆಯ ಪ್ರಶ್ನೆಯಾದೊಡನೆ ಪರದೆ ಕಪ್ಪಾದರೆ, ಗೆದ್ದೆನೋ ಸೋತೆನೋ ತಿಳಿಯದೆ ಹೊರಬರುವವರ ಪಾಡನ್ನು ಓದುಗರೇ ಊಹಿಸಿಕೊಳ್ಳಬೇಕು.

ನಾಲ್ಕು ಉತ್ತರಗಳನ್ನು ಕೊಟ್ಟು ಒಂದನ್ನು ಆರಿಸಿರೆನ್ನುವ ಪದ್ಧತಿಯಲ್ಲಿ ಒಂದು ಕೊರತೆ ಇದ್ದೇ ಇದೆ: ರೋಗಿಯ ಹಾಸಿಗೆಯ ಮೇಲೆ ನಾಲ್ಕು ಉತ್ತರಗಳನ್ನು ಯಾರೂ ಬರೆದಿಟ್ಟಿರುವುದಿಲ್ಲ. 2023ರ ಏಪ್ರಿಲಿನಿಂದ ಈ ಪರೀಕ್ಷೆಯಲ್ಲಿ ಒಬ್ಬನೇ ರೋಗಿಯ ವೃತ್ತಾಂತವನ್ನು ಬೆಳೆಸುತ್ತ ಆರು ಪ್ರಶ್ನೆಗಳನ್ನು ಕೇಳುತ್ತಾರೆ. ಯಾವ ಸುಳಿವು ಮುಖ್ಯ, ಅದರ ಅರ್ಥವೇನು, ಶಂಕೆಗಳಲ್ಲಿ ಯಾವುದು ಮೊದಲು, ಏನೇನು ಮಾಡಬಹುದು, ಏನನ್ನು ಮಾಡಬೇಕು, ಮಾಡಿದ್ದು ಫಲಿಸಿತೇ ಎಂದು. ಇದು ವಾರ್ಡಿಗೆ ಸ್ವಲ್ಪ ಹತ್ತಿರವಾದ ಮಾರ್ಗವೆಂದೇ ನಮಗೆ ತೋರುತ್ತದೆ.

ಇಷ್ಟರಲ್ಲಿ ನಾಲ್ಕನೆಯ ಹಾಸಿಗೆಯ ಯುವಕನನ್ನು ನಾವು ಮರೆತಿಲ್ಲ. ಮೂರನೆಯ ಹಾಸಿಗೆಯ ಬಳಿಕ ಹೋಗಬೇಕಾದುದು ಅವನ ಬಳಿಗೇ. ಮೊದಲು ಪ್ರಾಣ, ಬಳಿಕ ಅಂಗ. ಮೂಳೆ ಮುರಿದವರಿಗೆ ನೋವು ನಿರೀಕ್ಷಿತವೇ ಸರಿ. ಆದರೆ ಮಾರ್ಫೀನ್ ಕೊಟ್ಟ ಮೇಲೂ ಏರುತ್ತಲೇ ಹೋಗುವ ನೋವು ನಿರೀಕ್ಷಿತವಲ್ಲ. ಮೊಣಕಾಲಿನ ಕೆಳಗಿನ ಸ್ನಾಯುಗಳು ಹಿಗ್ಗಲಾರದ ಬಿಗಿಯಾದ ಪೊರೆಯ ಚೀಲಗಳಲ್ಲಿರುತ್ತವೆ. ಒಳಗೆ ಬಾವು ಬಂದು, ಹೊರಗೆ ಪ್ಲಾಸ್ಟರಿನ ಬಿಗಿತವೂ ಸೇರಿದರೆ ಒಳಗಿನ ಒತ್ತಡ ಏರುತ್ತದೆ. ಅದು ಪಾದರಸದ 30 ಮಿಲಿಮೀಟರ್ ದಾಟಿತೆಂದರೆ ಕೂದಲಿನಂತಹ ಲೋಮನಾಳಗಳು ಮುಚ್ಚಿಹೋಗಿ ಸ್ನಾಯುವಿಗೂ ನರಕ್ಕೂ ಆಹಾರ ತಪ್ಪುತ್ತದೆ. ಧಮನಿಯ ಒತ್ತಡ 120ರ ಸುಮಾರಿನಲ್ಲಿರುವುದರಿಂದ ಪಾದದಲ್ಲಿ ನಾಡಿ ಮಾತ್ರ ಬಡಿಯುತ್ತಲೇ ಇರುತ್ತದೆ. ಇಲ್ಲಿಯೂ ಜಗಲಿಯ ದೀಪ ಉರಿಯುತ್ತಿದೆ. ಸುಮಾರು ಆರು ಗಂಟೆಗಳು ಕಳೆದರೆ ಆದ ಹಾನಿ ಮತ್ತೆ ಸರಿಹೋಗದು.

ದಾದಿಯು ಅವನ ಕಾಲ್ಬೆರಳನ್ನು ತಾನೇ ಮೆಲ್ಲಗೆ ಬಾಗಿಸಿ ನೋಡಬೇಕು. ಚೀರಿದನೆಂದರೆ ಶಂಕೆ ಬಲವಾಯಿತು. ಬೆರಳುಗಳಲ್ಲಿ ಜೋಮು ಹಿಡಿದಿದೆಯೇ ಎಂದು ಕೇಳಬೇಕು. ಬಾವು ಇಳಿಯಲೆಂದು ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಟ್ಟಿದ್ದರೆ ಇಳಿಸಿ ಹೃದಯದ ಮಟ್ಟಕ್ಕೆ ತರಬೇಕು. ಎತ್ತರದಲ್ಲಿಟ್ಟಷ್ಟೂ ರಕ್ತ ಏರುವುದು ಕಷ್ಟ. ಮಾರ್ಫೀನನ್ನು ಇನ್ನಷ್ಟು ಕೊಟ್ಟು ಅವನ ಬಾಯಿ ಮುಚ್ಚಿಸುವುದು ಇಲ್ಲಿ ಅತ್ಯಂತ ಅಪಾಯದ ದಯೆ. ಆದುದರಿಂದ ನಮ್ಮ ದಾದಿ ಮೂರನೆಯ ಹಾಸಿಗೆಯತ್ತ ಹೆಜ್ಜೆಯಿಡುತ್ತಲೇ ಜೊತೆಗಾತಿಯನ್ನು ಕೂಗಿ, ಮೂಳೆಯ ವೈದ್ಯರಿಗೆ ಈಗಲೇ ಹೇಳಿಕಳುಹಿಸುವಂತೆಯೂ ಪ್ಲಾಸ್ಟರ್ ಕತ್ತರಿಸುವ ಗರಗಸವನ್ನು ಹಾಸಿಗೆಯ ಬಳಿಗೆ ತಂದಿಡುವಂತೆಯೂ ತಿಳಿಸುತ್ತಾಳೆ.